ನಮ್ಮ ಮನೆತನದ ಸೊಂಟದ ಬ್ಯಾನಿ

ನನ್ನ ಅಬ್ಬಾ ತೀರಿಕೊಂಡದ್ದು ಸೊಂಟದ ಬ್ಯಾನಿಯಿಂದ ಎಂದೇ ನಾನು ಅರವತ್ತು ದಾಟುವವರೆಗೂ ನಂಬಿದ್ದೆ. ಯಾರಾದರೂ ಕೇಳಿದರೆ ಹಾಗೇ ಹೇಳುತ್ತಿದ್ದೆ. ಬರೀ ಸೊಂಟ ನೋವಿನಿಂದ ಮನುಷ್ಯ ಸಾಯುತ್ತಾನೆಯೇ ಎಂದು ಯಾರೂ ತಿರುಗಿ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದು ಹೊಳೆದದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ನನಗೇ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ತಿಳಿದ ದಿನ.

ನಾನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಊರಲ್ಲಿ ಎಲ್ಲರೂ ಇಮಾಮ ಮಾಸ್ತರ ಎನ್ನುತ್ತಾರೆ. ಹುಟ್ಟಿ ಬೆಳೆದದ್ದು ಯಮನೂರಿನಲ್ಲಿ. ಅಲ್ಲಿ ಈಗಲೂ ನನ್ನ ತಮ್ಮ ರಾಜೇಸಾಬ ಹೊಲ ಮಾಡಿಕೊಂಡಿದ್ದಾನೆ. ನನ್ನ ಹೆಂಡತಿ ಹಸೀನಾ ನನಗೆ ಬೇರೆಯವಳೇನಲ್ಲ, ಫುಪ್ಪುವಿನ ಮಗಳು. ಫುಪ್ಪು ಎಂದರೆ ಅಬ್ಬಾನ ತಂಗಿ, ನನಗೆ ಅತ್ತೆಯೂ ಹೌದು. ಶಲವಡಿಗೆ ಮದುವೆಯಾಗಿ ಹೋದವಳು ಅಲ್ಲಿಯ ನೆರೆಹೊರೆಯ ಜೊತೆ ಬೆರೆತು ಉರ್ದುವನ್ನೆಲ್ಲ ಮರೆತಿದ್ದಾಳೆ; ನಮ್ಮನ್ನು ಬೈಯುವುದೂ ಮುದ್ದಿಸುವುದೂ ಕನ್ನಡದಲ್ಲೇ. ಹಸೀನಾ ಮನೆಯ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರ್, ಎಂದರೆ ರವಿಕೆ, ಹೊಲಿಯುತ್ತಾಳೆ.

ನನ್ನ ಕಾಯಿಲೆ ಶುರುವಾದದ್ದು ಎಲ್ಲ ಮುದುಕರಿಗೂ ಆಗುವಂತೆಯೇ. ಮೇಲಿಂದ ಮೇಲೆ ಮೂತ್ರಕ್ಕೆ ಹೋಗಬೇಕು, ಹೋದರೆ ಬೇಗ ಬರುವುದಿಲ್ಲ, ಬಂದರೆ ಪೂರ್ತಿ ಆಗುವುದಿಲ್ಲ. ಮದುವೆ ಊಟಕ್ಕೆ ಹೋದರೆ ಮೊದಲು ಬಚ್ಚಲು ಎಲ್ಲಿದೆ ಎಂದು ನೋಡಿಕೊಳ್ಳುತ್ತಿದ್ದೆ. ವಯಸ್ಸಾಯಿತು ಎಂದುಕೊಂಡು ಸುಮ್ಮನಿದ್ದೆ. ಹಸೀನಾ ಸುಮ್ಮನಿರಲಿಲ್ಲ. ಒಂದು ಶುಕ್ರವಾರ ನಾನು ಮಸೀದಿಯಿಂದ ಖುತ್ಬಾ ಪ್ರವಚನ ಮುಗಿಯುವ ಮೊದಲೇ ಎದ್ದು ಬಂದದ್ದನ್ನು ಕಂಡು, ಮಷಿನ್ ನಿಲ್ಲಿಸಿ ಹೇಳಿದಳು: "ಅಲ್ರೀ, ನಲವತ್ತು ಮಿನಿಟಿನ ಪೀರಿಯಡ್ ನಿಂತು ಕಲಿಸಿದ ಮನುಷ್ಯಾ ನೀವು. ಈಗ ಹತ್ತು ಮಿನಿಟ್ ಕೂಡ್ರಾಕ ಆಗವಲ್ದು. ನಾಳಿ ಹುಬ್ಬಳ್ಳಿಗೆ ಹೋಗೂಣು. ಹೋಗೂಣು ಅಂದ್ರ ಹೋಗೂಣು."

ರಕ್ತದ ಪರೀಕ್ಷೆಯಲ್ಲಿ ಪಿಎಸ್‌ಎ ಎಂಬ ಅಂಕಿ ಹೆಚ್ಚು ಬಂತು. ಸ್ಕ್ಯಾನ್ ಮಾಡಿದರು. ಆಮೇಲೆ ಸೂಜಿ ಹಾಕಿ ಪ್ರಾಸ್ಟೇಟ್ ಗ್ರಂಥಿಯ ತುಣುಕು ತೆಗೆದರು. ಆ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ ಎಂದು ವಿವರಿಸುವುದಿಲ್ಲ; ನೋವಿಗಿಂತ ನಾಚಿಕೆ ಹೆಚ್ಚು ಎಂದಷ್ಟೇ ಹೇಳಿದರೆ ಸಾಕು. ನಾಚಿಕೆಯಾದರೂ ಸಾಯುವುದಿಲ್ಲ ಎಂಬುದನ್ನೂ ಅಲ್ಲೇ ಕಲಿತೆ.

ಆ ಆಸ್ಪತ್ರೆಯ ಹೊರಗಿನ ಸಾಲುಕುರ್ಚಿಗಳಲ್ಲಿ ನಾನು ಕಳೆದ ಹೊತ್ತು ಬಹಳ. ಅಲ್ಲಿ ಗಂಡಸರು ತಮ್ಮ ತಮ್ಮ ಚಪ್ಪಲಿ ನೋಡುತ್ತ ಕೂರುತ್ತಾರೆ. ಮಾತೆಲ್ಲ ಹೆಂಡಂದಿರದು. "ನಿಮ್ಮವರಿಗೆ ಎಷ್ಟು ದಿನದಿಂದರೀ?" "ನಮ್ಮವರು ಹೇಳಲೇ ಇಲ್ರೀ, ಹಾಸಿಗಿ ತೋಯ್ದ ಮ್ಯಾಲೆ ಗೊತ್ತಾತು." ಗಂಡಂದಿರು ಪಕ್ಕದಲ್ಲೇ ಕೂತು ತಮ್ಮದಲ್ಲದ ಸುದ್ದಿ ಎಂಬಂತೆ ಕೇಳಿಸಿಕೊಳ್ಳುತ್ತಾರೆ. ಮೊದಲ ದಿನವೇ ಹಸೀನಾಗೆ ಅಲ್ಲಿ ನಾಲ್ಕೈದು ಗೆಳತಿಯರಾದರು. ನನಗೆ ಒಬ್ಬನೇ ಒಬ್ಬ ಗೆಳೆಯನಾದ, ದುಮ್ಮವಾಡದ ರೈತ, ನನಗಿಂತ ಹಿರಿಯ. ಆತನ ಆಪರೇಶನ್ ಆಗಲೇ ಆಗಿತ್ತು. ನನ್ನ ಮುಖ ನೋಡಿ ಬಾಜು ಕುರ್ಚಿಗೆ ಸರಿದು ಬಂದು, "ಅಂಜಬ್ಯಾಡ್ರಿ ಮಾಸ್ತರ. ಆಪರೇಶನ್ ಆದ ಮ್ಯಾಲೆ ಪ್ಯಾಂಟ್ ಬ್ಯಾಡ, ಲುಂಗಿ ಉಟ್ಕೋರಿ. ಉಚ್ಚಿ ಚೀಲ ಹಿಡಕೊಂಡು ಅಡ್ಡಾಡಾಕ ಲುಂಗಿನ ಬೆಸ್ಟ್," ಎಂದ. ಯಾವ ಡಾಕ್ಟರೂ ಹೇಳದ ಆ ಮಾತು ಮುಂದೆ ನನಗೆ ಎಷ್ಟು ಉಪಯೋಗಕ್ಕೆ ಬಂತೆಂದರೆ, ಆತನ ಹೆಸರು ಕೇಳದೆ ಬಿಟ್ಟೆನಲ್ಲ ಎಂದು ಇವತ್ತಿಗೂ ಅನಿಸುತ್ತದೆ.

ತುಣುಕಿನ ವರದಿ ಬಂದ ದಿನ ನಮ್ಮನ್ನು ಕ್ಯಾನ್ಸರ್ ವಿಭಾಗಕ್ಕೆ ಕಳಿಸಿದರು. ಒಳಗೆ ಕೂತಿದ್ದವರು ನನ್ನ ಮಗಳ ವಯಸ್ಸಿನ ಡಾಕ್ಟರ್. ನಮ್ಮ ಕಡೆಯವರೇ, ಮಾತಿನಲ್ಲೇ ಗೊತ್ತಾಯಿತು. ಕ್ಯಾನ್ಸರ್ ಎಂಬ ಶಬ್ದವನ್ನು ಅವರು ಸುತ್ತಿ ಬಳಸಿ ಹೇಳಲಿಲ್ಲ, ನೇರವಾಗಿ ಹೇಳಿದರು. ಹೇಳಿದ ಮೇಲೆ ನೀರಿನ ಗ್ಲಾಸನ್ನು ನನಗಲ್ಲ, ಹಸೀನಾಗೆ ಕೊಟ್ಟರು. ಅವಳ ಮುಖ ನೋಡಲು ನನಗೆ ಹೊಳೆದಿರಲಿಲ್ಲ, ಅವರು ನೋಡಿದ್ದರು.

"ಗಡ್ಡಿ ಇನ್ನೂ ಹೊರಗ ಹೋಗಿಲ್ರಿ, ಸರ. ಅದು ಚೊಲೋ ಸುದ್ದಿ. ಈಗ ನಾ ಕೆಲವು ಪ್ರಶ್ನಿ ಕೇಳ್ತೀನಿ. ನಾಚ್ಕೋಬಾರದು."

ಕೇಳತೊಡಗಿದರು. ಹೊಲದ ಕೆಲಸ ಮಾಡಿದ್ದೀರಾ, ಎಣ್ಣಿ ಹೊಡೆದಿದ್ದೀರಾ ಎಂದರು. ನಮ್ಮಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. ಹೊಡೆದಿದ್ದೆ. ಶಾಲೆಯ ರಜೆಯಲ್ಲಿ ನಾನೂ ತಮ್ಮ ರಾಜಾನೂ ಹತ್ತಿ, ಮೆಣಸಿನಕಾಯಿಗೆ ಹೊಡೆಯಲು ಎಣ್ಣಿಯನ್ನು ಬಕೀಟಿನಲ್ಲಿ ಬರಿಗೈಯಲ್ಲೇ ಕಲೆಸುತ್ತಿದ್ದೆವು. ಆ ವಾಸನೆ ಹೋಗಲು ಬೆನ್ನಿಹಳ್ಳದಲ್ಲಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆವು. ಮೂತ್ರದ ಸೋಂಕು ಯಾವಾಗಲಾದರೂ ಬಂದಿತ್ತೇ ಎಂದರು. ಬಂದಿತ್ತು. ಧಾರವಾಡದಲ್ಲಿ ಶಿಕ್ಷಕರ ತರಬೇತಿಗೆ ಇದ್ದಾಗ ಚಳಿಜ್ವರ ಬಂದು, ಮೂತ್ರ ಉರಿದು, ಸಾಕಷ್ಟು ಇಂಜೆಕ್ಷನ್ ತೆಗೆದುಕೊಂಡಿದ್ದೆ. ಆಮೇಲೂ ಎರಡು ಮೂರು ಸಲ ಮರುಕಳಿಸಿತ್ತು. ಅವರು ತಲೆಯಾಡಿಸಿ ಬರೆದುಕೊಂಡು, ತಲೆ ಎತ್ತದೆ ಕೇಳಿದರು: "ಲೈಂಗಿಕ ಸಂಪರ್ಕದಿಂದ ಬಂದ ಸೋಂಕು ಏನರೆ?"

ಪಕ್ಕದಲ್ಲಿ ಹಸೀನಾ. ನಾನು "ಇಲ್ರೀ" ಎಂದದ್ದು ನನಗೇ ಕೇಳಿಸಲಿಲ್ಲ.

ಹಸೀನಾ ಗ್ಲಾಸು ಮೇಜಿನ ಮೇಲಿಟ್ಟಳು. "ಇಲ್ಲ ಅಂದ್ರ ಇಲ್ಲ ಬರಕೋರಿ, ಡಾಕ್ಟರ. ಇವರಿಗೆ ಸುಳ್ಳು ಹೇಳಾಕ ಬರೂದಿಲ್ಲ. ಹೇಳಿದ್ರ ಕಿವಿ ಕೆಂಪಾಗತಾವು. ಈಗ ಆಗಿಲ್ಲ ನೋಡ್ರಿ."

ಡಾಕ್ಟರ್ ನಕ್ಕರು. ಹಸೀನಾ ನಕ್ಕಳು. ನಕ್ಕದ್ದೇ ನೆಪವಾಗಿ ಅವಳಿಗೆ ಅಳು ಬಂತು. ನಾನು ಅವಳ ಕೈ ಹಿಡಿದೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಹೊರಗಿನವರ ಎದುರು ಅವಳ ಕೈ ಹಿಡಿದದ್ದು ಅದೇ ಮೊದಲು.

ಕೊನೆಯ ಪ್ರಶ್ನೆ ಮನೆತನದ್ದು. "ನಿಮ್ಮ ತಂದಿ ಹೆಂಗ ತೀರಿಕೊಂಡ್ರು?"

"ಸೊಂಟದ ಬ್ಯಾನಿಯಿಂದ," ಎಂದೆ.

ಅವರ ಪೆನ್ನು ನಿಂತಿತು. "ಸೊಂಟದ ಬ್ಯಾನಿ ಅಂದ್ರ? ಅದಕ್ಕಿಂತ ಮೊದಲ ಮೂತ್ರದ ತೊಂದರಿ ಇತ್ತೇನ್ರಿ?"

ನನಗೆ ಗೊತ್ತಿರಲಿಲ್ಲ. ಅಬ್ಬಾ ಕೊನೆಯ ವರ್ಷ ಹಾಸಿಗೆ ಹಿಡಿದಾಗ ನಾನು ನೌಕರಿಯ ಮೇಲೆ ಕುಂದಗೋಳದಲ್ಲಿದ್ದೆ, ರಜೆಗೆ ಬಂದಾಗ ನೋಡಿ ಹೋಗುತ್ತಿದ್ದೆ. ಡಾಕ್ಟರ್ ಮೆಲ್ಲಗೆ ಹೇಳಿದರು, ಈ ಕ್ಯಾನ್ಸರ್ ಹಬ್ಬಿದರೆ ಮೊದಲು ಹೋಗಿ ಕೂರುವುದು ಬೆನ್ನು ಸೊಂಟದ ಎಲುಬಿನಲ್ಲಿ ಎಂದು. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ ಇದ್ದರೆ ನಮಗೆ ಬರುವ ಸಂಭವ ಹೆಚ್ಚು. ಮನೆಯ ಹೆಂಗಸರಿಗೆ ಸ್ತನದ ಕ್ಯಾನ್ಸರ್ ಬಂದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. "ಮನಿಯೊಳಗ ಹಿರಿಯರು ಯಾರರೆ ಇದ್ರ ಕೇಳ್ಕೊಂಡು ಬರ್ರಿ," ಎಂದರು.

"ಹಂಗಾದ್ರ ನನಗ ಬಂದದ್ದು ಯಾವುದರಿಂದರೀ? ಎಣ್ಣಿಯಿಂದನೋ, ಸೋಂಕಿನಿಂದನೋ, ನಮ್ಮ ಅಬ್ಬಾನಿಂದನೋ?"

"ಹೇಳಾಕ ಆಗೂದಿಲ್ರಿ, ಸರ. ರಕ್ತದಾಗ ಬಂದದ್ದು ಒಂದು, ನೀವು ಬದುಕಿದ ಜಾಗಾ ಒಂದು, ಬಂದುಹೋದ ಬ್ಯಾನಿ ಒಂದು. ರಕ್ತದ ಸಂಬಂಧ ನಮಗ ಚೊಲೋ ಗೊತ್ತೈತಿ. ಉಳಿದ ಎರಡರ ಬಗ್ಗೆ ಅನುಮಾನ ಐತಿ, ಖಾತ್ರಿ ಇಲ್ಲ. ನಿಮ್ಮೊಬ್ಬರೊಳಗ ಯಾವುದು ಎಷ್ಟು ಅಂತ ಬಿಡಿಸಿ ಹೇಳೂ ಡಾಕ್ಟರ್ ಇನ್ನೂ ಹುಟ್ಟಿಲ್ಲ."

ಜೀವನವಿಡೀ ಗಣಿತ ಕಲಿಸಿದವನಿಗೆ ಉತ್ತರವಿಲ್ಲದ ಲೆಕ್ಕ ಸಿಕ್ಕಿತ್ತು. ಆದರೂ ಆ ಮಾತು ನನಗೆ ಸಮಾಧಾನ ಕೊಟ್ಟಿತು. ಅಲ್ಲಿಯವರೆಗೆ ನಾನು ಏನೋ ಮಾಡಿದ್ದಕ್ಕೆ ಇದು ಬಂತು ಎಂಬ ಭಾವ ಒಳಗೇ ಕೊರೆಯುತ್ತಿತ್ತು. ಅದು ಅವತ್ತು ಸಡಿಲಾಯಿತು.

ಆಪರೇಶನ್ ಆಯಿತು. ಗ್ರಂಥಿಯನ್ನು ತೆಗೆದರು. ಮೂತ್ರದ ನಳಿಕೆಯೂ ಚೀಲವೂ ಕೆಲವು ಕಾಲ ನನ್ನ ದೇಹದ ಭಾಗವೇ ಆದವು. ಲುಂಗಿ ಉಟ್ಟುಕೊಂಡು, ಕೈಯಲ್ಲಿ ಚೀಲ ಹಿಡಿದು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದೆ. ಜಂಪರ್ ಹೊಲಿಸಲು ಬಂದ ಹೆಂಗಸರು ಬಾಗಿಲಲ್ಲಿ ಕಂಡರೆ ಒಳಗೆ ಓಡುತ್ತಿದ್ದೆ. ಹಸೀನಾ ಬೇಸತ್ತು, ನೀಲಿ ಅರಿವೆಯಲ್ಲಿ ಆ ಚೀಲಕ್ಕೊಂದು ಚೀಲ ಹೊಲಿದಳು, ಹೆಗಲಿಗೆ ತೂಗುಹಾಕುವ ಪಟ್ಟಿಯ ಜೊತೆ. "ಈಗ ನೋಡಿದವರು ಸಂತಿಗೆ ಹೊಂಟಾರ ಅಂತ ತಿಳ್ಕೋತಾರ," ಎಂದಳು.

ನಳಿಕೆ ತೆಗೆದ ಮೇಲೆ ಬಂದದ್ದೇ ನಿಜವಾದ ಕಷ್ಟ. ಕೆಮ್ಮಿದರೆ ಸೋರುತ್ತಿತ್ತು, ಎದ್ದರೆ ಸೋರುತ್ತಿತ್ತು, ನಕ್ಕರೂ ಸೋರುತ್ತಿತ್ತು. ಪ್ಯಾಡ್ ಕಟ್ಟಿಕೊಳ್ಳುತ್ತಿದ್ದೆ. ಅದಕ್ಕಿಂತ ನನ್ನನ್ನು ಕುಗ್ಗಿಸಿದ್ದು ನಮಾಜು. ಮೂತ್ರ ಸೋರುವ ದೇಹ ಇಟ್ಟುಕೊಂಡು ದೇವರ ಮುಂದೆ ಹೇಗೆ ನಿಲ್ಲುವುದು? ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಜೂ ಮಾಡಿ ಚಾಪೆಯ ಮೇಲೆ ನಿಲ್ಲುವಷ್ಟರಲ್ಲೇ ಅದು ಕೆಡುತ್ತಿತ್ತು. ಮಸೀದಿಗೆ ಹೋಗುವುದನ್ನೇ ಬಿಟ್ಟೆ. ಕೆಲವು ವಾರ ಕಂಡಿಲ್ಲವೆಂದು ಮೌಲ್ವಿ ಸಾಹೇಬರೇ ಮನೆಗೆ ಬಂದರು. ನನ್ನ ಶಿಷ್ಯನಾಗಿದ್ದ ಹುಡುಗ, ಈಗ ಗಡ್ಡ ನೆರೆಯತೊಡಗಿದೆ. ಹೇಳಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಹೇಳಿದೆ. ಅವರು ಆಶ್ಚರ್ಯವನ್ನೇ ತೋರಿಸಲಿಲ್ಲ.

"ಸರ, ಇಂಥಾ ತ್ರಾಸ ಇದ್ದವರ ಸಲುವಾಗಿ ನಮ್ಮೊಳಗ ಬ್ಯಾರೇನ ಹೇಳ್ಯಾರ. ಪ್ರತಿ ನಮಾಜಿಗೆ ಒಂದ ಸಲ ವುಜೂ ಮಾಡ್ರಿ, ಆಮ್ಯಾಲೆ ಸೋರಿದ್ರ ಸೋರವಲ್ದ್ಯಾಕ. ಅಡಚಣಿ ಕೊಟ್ಟಾವಗ ಅಡಚಣಿ ಗೊತ್ತಿರೂದಿಲ್ಲೇನ್ರಿ?"

ಮುಂದಿನ ಶುಕ್ರವಾರ ಹೋದೆ. ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ನಿಂತೆ. ಸಜ್ದಾಕ್ಕೆ ಬಾಗಿದಾಗ ಸೋರಿತು. ಹಣೆ ನೆಲಕ್ಕಿಟ್ಟವನು ಹಾಗೇ ಸ್ವಲ್ಪ ಹೊತ್ತು ಹೆಚ್ಚಿಗೆ ಇದ್ದೆ.

ಓಡಾಡುವಂತಾದ ಮೇಲೆ, ಡಾಕ್ಟರ್ ಕೇಳಿಕೊಂಡು ಬನ್ನಿ ಎಂದದ್ದನ್ನು ಕೇಳಲು ನಾನೂ ಹಸೀನಾನೂ ಶಲವಡಿಗೆ ಹೋದೆವು. ನಮ್ಮ ಮನೆತನದಲ್ಲಿ ಉಳಿದ ಹಿರಿಯ ಜೀವವೆಂದರೆ ಫುಪ್ಪು ಒಬ್ಬಳೇ. ಎಂಬತ್ತರ ಹತ್ತಿರ, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ನನ್ನನ್ನು ಕಂಡವಳೇ, "ಏನಲೇ ಇಮಾಮ, ಬಡಕಲ ನಾಯಿ ಆಗೀಯಲ್ಲೋ," ಎಂದು ನನ್ನ ಗಲ್ಲ ಸವರಿದಳು.

ಊಟವಾದ ಮೇಲೆ ಕೇಳಿದೆ. ಅಬ್ಬಾಗೆ ಸೊಂಟದ ಬ್ಯಾನಿ ಬರುವ ಮೊದಲು ಏನಾಗಿತ್ತು?

ಅವಳು ಎಲೆ ಅಡಿಕೆಯ ಚಂಚಿ ಬಿಚ್ಚುತ್ತಿದ್ದವಳು ನಿಲ್ಲಿಸಿದಳು. "ಉಚ್ಚಿ ಕಟ್ಟತಿತ್ತು. ನನಗೊಬ್ಬಾಕಿಗೇ ಹೇಳಿದ್ದ. ಮಕ್ಕಳ ಮುಂದ ಹೆಂಗ ಹೇಳ್ಲಿ ಅಂತಿದ್ದ. ನಮ್ಮ ದೊಡ್ಡಣ್ಣ, ನಿಮ್ಮ ದೊಡ್ಡಬ್ಬಾಗೂ ಹಂಗ. ಅವಗ ಅಗದಿ ಬಂದ್ ಆಗಿ, ಹೊಟ್ಟಿ ಉಬ್ಬಿ ಸತ್ತ. ನಮ್ಮಜ್ಜಗೂ ಹಂಗ ಆಗಿತ್ತಂತ ನಮ್ಮವ್ವ ಅಂತಿದ್ದಳು."

"ಯಾರೂ ಹೇಳಲೇ ಇಲ್ಲಲ್ಲ ಫುಪ್ಪು."

"ಯಾರ ಕೇಳಿದ್ರಿ?"

ಮನೆಯ ಹೆಂಗಸರಿಗೆ ಎದೆಯಲ್ಲಿ ಗಡ್ಡೆ ಏನಾದರೂ, ಎಂದು ತಲೆ ತಗ್ಗಿಸಿಕೊಂಡೇ ಕೇಳಿದೆ. ಅತ್ತೆಯ ಎದುರು ಅಂಥ ಮಾತು ಆಡುವುದು ನನಗೆ ಆಪರೇಶನ್ನಿಗಿಂತ ಕಷ್ಟವಾಯಿತು.

ಫುಪ್ಪು ಚಂಚಿಯನ್ನು ಮಡಿಸಿ ಬದಿಗಿಟ್ಟಳು. ಆಮೇಲೆ ಮಗಳ ಕಡೆ ನೋಡಿ, "ಹಸೀನಾ, ಬಾಗಲಾ ಮುಂದ ಮಾಡು," ಎಂದಳು.

ಹಸೀನಾ ಬಾಗಿಲು ಮುಚ್ಚಿ ಬಂದು ಕೂತಳು.

"ನನಗ ಆಗಿತ್ತು. ನೀ ಇನ್ನೂ ಸಾಲಿಗೆ ಹೋಗತಿದ್ದಿ. ನಿಮ್ಮಪ್ಪಾ ನನ್ನ ಮಿರ್ಜಿ ದವಾಖಾನಿಗೆ ಕರಕೊಂಡು ಹೋಗಿ ಎಡಗಡೆದು ತೆಗಿಸಿಕೊಂಡು ಬಂದ. ದರ್ಗಾಕ್ಕ ಹೊಂಟೀವಿ ಅಂತ ನಿಮಗೆಲ್ಲಾ ಹೇಳಿದ್ವಿ. ಆಮ್ಯಾಲೆ ಗುಳಗಿ ಕೊಟ್ಟರು, ಬಿಪಿ ಗುಳಗಿ ಅಂತ ಹೇಳಿ ವರ್ಷಗಟ್ಲೆ ನುಂಗೀನಿ."

ಹಸೀನಾ ತನ್ನ ಮಣಿಕಟ್ಟು ಹಿಡಿದುಕೊಂಡಳು. "ದರ್ಗಾದಿಂದ ನನಗ ಹಸಿರು ಬಳಿ ತಂದಿದ್ದಿ."

"ಮಿರ್ಜಿ ಬಜಾರದಾಗ ತೊಗೊಂಡದ್ದು. ದವಾಖಾನಿ ಎದುರಿಗೇ ಇತ್ತು ಅಂಗಡಿ."

"ಯಾಕ ಹೇಳಲಿಲ್ಲ ಅಮ್ಮಿ?"

"ಮುಂದ ನಿನ್ನ ಮದುವಿ ಆಗೂದಿತ್ತು. ತಾಯಿಗೆ ಅಂಥಾ ಬ್ಯಾನಿ ಐತಿ ಅಂದ್ರ ನಿನ್ನ ಯಾರ ತೊಗೋತಿದ್ದರು?"

"ನಾ ತೊಗೋತಿದ್ದೆ," ಎಂದೆ ನಾನು. ಯೋಚಿಸದೆ ಬಂದ ಮಾತು.

ಫುಪ್ಪು ನನ್ನ ಕಡೆ ತಿರುಗಿದಳು. "ನೀ ತೊಗೋತಿದ್ದಿ ಖರೇ. ನಿಮ್ಮವ್ವ ಬಿಡತಿದ್ದಳೇನ?"

ಬಿಡುತ್ತಿರಲಿಲ್ಲ. ನನ್ನ ತಾಯಿಯನ್ನು ನಾನು ಬಲ್ಲೆ. ಆ ಸುಳ್ಳಿನಿಂದಲೇ ನನಗೆ ಹಸೀನಾ ಸಿಕ್ಕಿದ್ದಳು. ಆದರೆ ಹಸೀನಾಗೆ ಅದು ಹಾಗೆ ಕಾಣಲಿಲ್ಲ. ಅಣ್ಣಿಗೇರಿಗೆ ಮರಳುವ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ಮನೆ ಮುಟ್ಟಿ, ಮಷಿನ್ ಮುಂದೆ ಕೂತ ಮೇಲೆ ಬಾಯಿ ಬಿಟ್ಟಳು.

"ಊರ ಮಂದಿದು ಜಂಪರ್ ಎಲ್ಲಾ ನಾ ಹೊಲೀತೀನಿ. ನಮ್ಮಮ್ಮಿ ಮಾತ್ರ ಒಂದ ದಿನ ನನ್ನ ಕಡೆ ಅಳತಿ ಕೊಡಲಿಲ್ಲ. ನನ್ನ ಕೈ ಆಕಿಗೆ ಸೇರೂದಿಲ್ಲ ಅಂತ ತಿಳ್ಕೊಂಡಿದ್ದೆ. ಎಷ್ಟ ವರ್ಷ ಅದನ್ನ ಮನಸಿನಾಗ ಇಟ್ಕೊಂಡೀನಿ, ಗೊತ್ತೇನ್ರಿ ನಿಮಗ?"

ಸಿಟ್ಟು ಇಳಿಯಲು ಕೆಲವು ದಿನ ಹಿಡಿಯಿತು. ಆಮೇಲೆ ಒಂದು ಬೆಳಿಗ್ಗೆ ಅಳತೆಯ ಟೇಪು, ಜಂಪರಿನ ಒಳಗಿಡಲು ಒಂದಿಷ್ಟು ಮೆತ್ತನೆಯ ಹತ್ತಿ ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಶಲವಡಿಯ ಬಸ್ಸು ಹತ್ತಿದಳು. ಸಂಜೆ ಬಂದವಳು ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತಳು. "ನಾನ ಆಕಿಗೆ ತಲಿಗೆ ನೀರ ಹಾಕಿದೆ. ಎಡಗಡೆ ಒಂದ ಗೆರಿ ಅಷ್ಟ ಐತ್ರಿ. ಯಾವ ಡಾಕ್ಟರೋ ಏನೋ, ಅಗದಿ ಚೊಲೋ ಹೊಲದಾನ," ಎಂದಳು. ಅಷ್ಟು ಹೇಳಿ ನನ್ನ ಭುಜಕ್ಕೆ ಮುಖ ಒತ್ತಿದಳು.

ಈ ಸುದ್ದಿಯನ್ನು ತೆಗೆದುಕೊಂಡು ಹೋದಾಗ ಡಾಕ್ಟರ್ ನಮ್ಮಿಬ್ಬರ ರಕ್ತವನ್ನೂ ವಂಶದ ಪರೀಕ್ಷೆಗೆ ಕಳಿಸಿದರು. ಸಂಬಂಧದಲ್ಲೇ ಮದುವೆಯಾದವರು ನಾವು. ಕ್ಯಾನ್ಸರಿಗೆ ದಾರಿ ಮಾಡುವ, ವಂಶದಲ್ಲೇ ಇಳಿದು ಬರುವ ದೋಷ ಇಬ್ಬರಲ್ಲೂ ಇರಬಹುದಿತ್ತು. ಆ ವರದಿಗೆ ಕಾಯ್ದ ಕಾಲ ನನ್ನ ಆಪರೇಶನ್ನಿಗಿಂತ ಕಠಿಣವಾಗಿತ್ತು. ನನಗೇನಾದರೂ ಆಗಲಿ, ಅವಳಲ್ಲಿ ಇಲ್ಲದಿರಲಿ ಎಂದು ಪ್ರತಿ ನಮಾಜಿನಲ್ಲೂ ಬೇಡಿದೆ. ನನ್ನಲ್ಲಿ ಇತ್ತು. ಹಸೀನಾಳಲ್ಲಿ ಇರಲಿಲ್ಲ. ಕೇಳಿದ ಕೂಡಲೇ ಅವಳು, "ಅಮ್ಮಿದು ಬರಬೇಕಾದದ್ದು ನನಗ, ಬಂದದ್ದು ನಿಮಗ," ಎಂದು ಗದರಿದಳು, ನಾನು ಅವಳ ಪಾಲನ್ನು ಕಸಿದುಕೊಂಡೆನೋ ಎಂಬಂತೆ.

ನಮಗೆ ಒಬ್ಬಳೇ ಮಗಳು, ಶಬಾನಾ, ಗದಗಿನಲ್ಲಿ ಟೀಚರ್. ಅವಳಿಗೆ ಹೇಗೆ ಹೇಳುವುದೆಂದು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ ಮುಚ್ಚಿಡುವುದು ಬೇಡ ಎಂದು ಹಸೀನಾನೇ ಹೇಳಿದಳು. ಶಬಾನಾ ತಾನಾಗಿಯೇ ಹೋಗಿ ರಕ್ತ ಕೊಟ್ಟಳು. ಅವಳಲ್ಲಿ ಇದೆ. ಫೋನಿನಲ್ಲಿ ಅವಳೇ ಅಂದಳು: "ಅಬ್ಬಾ, ನಿಮ್ಮ ಮೂಗೂ ನನಗ ಬಂದೈತಿ, ಲೆಕ್ಕಾ ಮಾಡೂ ತಲೀನೂ ಬಂದೈತಿ. ಇದೂ ಬಂತು. ವರ್ಷಕ್ಕೊಮ್ಮಿ ತೋರಿಸ್ಕೋತೀನಿ ಬಿಡ್ರಿ. ಬ್ಯಾನಿ ಬಂದಿಲ್ಲ ನನಗ, ಸುದ್ದಿ ಅಷ್ಟ ಬಂದೈತಿ." ಫೋನು ಇಟ್ಟ ಮೇಲೆ ಅವಳೂ ಅತ್ತಿರಬಹುದು. ನನಗೆ ಕೇಳಿಸದಂತೆ ನೋಡಿಕೊಂಡಳು.

ಉಳಿದವನು ತಮ್ಮ. ರಾಜಾನಿಗೆ ಪರೀಕ್ಷೆ ಮಾಡಿಸಲೇಬೇಕು ಎಂದು ಡಾಕ್ಟರ್ ಪ್ರತಿ ಸಲ ಹೇಳುತ್ತಿದ್ದರು. ಅವನು ನನ್ನ ಹಾಗಲ್ಲ. ಮೈಕಟ್ಟಿನ ಆಳು, ಇಂದಿಗೂ ಬೆನ್ನಿಗೆ ಪಂಪು ಕಟ್ಟಿಕೊಂಡು ಮೆಣಸಿನ ಹೊಲಕ್ಕೆ ಎಣ್ಣಿ ಹೊಡೆಯುತ್ತಾನೆ, ಬಾಯಿಗೊಂದು ಅರಿವೆ ಕಟ್ಟಿಕೋ ಎಂದರೆ ಕೇಳುವುದಿಲ್ಲ. ಯಮನೂರಿಗೆ ಹೋಗಿ ಎಲ್ಲ ಹೇಳಿದೆ. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಭಾಯಿ, ನನಗೇನೂ ಆಗಿಲ್ಲ. ಹಳ್ಳದ ಈ ದಂಡಿಗೆ ನಿಂತು ಉಚ್ಚಿ ಹೊಯ್ದ್ರ ಆ ದಂಡಿ ಮುಟ್ಟತೈತಿ."

"ರಾಜಾ, ಮೊದಲಿಗೆ ಏನೂ ಗೊತ್ತಾಗೂದಿಲ್ಲ. ಅದಕ್ಕ ರಕ್ತ ನೋಡ್ಬೇಕು ಅನ್ನೂದು."

"ನೋಡಿ, ಆಮ್ಯಾಲೆ ಹಿಂದಿನಿಂದ ಸೂಜಿ ಹಾಕ್ತಾರಲ್ಲ? ನೀ ಹಾಕಿಸ್ಕೊಂಡಿ, ಸಾಕು. ಒಂದ ಮನಿತನಕ್ಕ ಒಬ್ಬ ಸಾಕು."

ನಾನು ಸಿಟ್ಟಿನಲ್ಲಿ ಎದ್ದು ಬಂದೆ. ಮತ್ತೆ ಹೋದೆ, ಮತ್ತೆ ಹಾಗೇ ಆಯಿತು. ಕೊನೆಗೆ ಹಸೀನಾ ತನ್ನ ತಾಯಿಗೆ ಹೇಳಿದಳು. ಫುಪ್ಪು ಯಾರಿಗೂ ಹೇಳದೆ ಮರುದಿನವೇ ಯಮನೂರಿಗೆ ಹೋದಳು. ಮುಂದಿನದನ್ನು ನನಗೆ ಹೇಳಿದವನು ರಾಜಾನೇ. ಹೊಲದಿಂದ ಬರುವಷ್ಟರಲ್ಲಿ ಅವಳು ಅವನ ಮನೆಯ ಕಟ್ಟೆಯ ಮೇಲೆ ಹೊಸ ಜಂಪರ್ ತೊಟ್ಟು ಕೂತಿದ್ದಳಂತೆ. ಒಳಗೆ ಬಾ ಎಂದರೆ ಬರಲಿಲ್ಲವಂತೆ, ಚಹಾ ಕೊಟ್ಟರೆ ಮುಟ್ಟಲಿಲ್ಲವಂತೆ.

"ನಾ ಹೆಂಗಸು. ಆ ಕಾಲದಾಗ, ಗೊತ್ತಿಲ್ಲದ ಊರಾಗ, ಗಂಡಸ ಡಾಕ್ಟರ್ ಮುಂದ ಎದಿ ತೆರದು ಮಲಗೀನಿ. ಜೀವ ಬೇಕಾಗಿತ್ತು, ಮಕ್ಕಳು ಸಣ್ಣವರಿದ್ದರು, ಮಲಗಿದೆ. ನಿನಗೇನ ಧಾಡಿ ಆಗೈತಲೇ? ನನ್ನ ಇಬ್ಬರು ಅಣ್ಣಂದಿರು ನಾಚಿಕಿಯಿಂದ ಸತ್ತರು. ನೀ ಬರ್ತೀನಿ ಅನ್ನೂತನಕ ನಿನ್ನ ಮನಿ ನೀರ ಕುಡಿಯಂಗಿಲ್ಲ ನಾನು."

ಎಂಬತ್ತರ ಮುದುಕಿ ಬಿಸಿಲಲ್ಲಿ ನೀರು ಬಿಟ್ಟು ಕೂತರೆ ಯಾರ ಹಟ ಉಳಿಯುತ್ತದೆ? ರಾಜಾ ನನಗೆ ಫೋನು ಮಾಡಿದ. "ಭಾಯಿ, ಹುಬ್ಬಳ್ಳಿಗೆ ಯಾವಾಗ ಹೋಗೂಣು? ಮೊದಲ ಈಕಿಗೆ ನೀರ ಕುಡಿ ಅಂತ ಹೇಳು."

ಅವನ ರಕ್ತದ ಅಂಕಿಯೂ ಹೆಚ್ಚಿತ್ತು. ಸೂಜಿಯ ಪರೀಕ್ಷೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಒಳಗೇ ಇತ್ತು, ಎಲ್ಲಿಗೂ ಹಬ್ಬಿರಲಿಲ್ಲ. ಹಳ್ಳದ ಆ ದಂಡೆ ಮುಟ್ಟುತ್ತಿದ್ದ ಮನುಷ್ಯ! ವರದಿ ಕೇಳಿ ಅವನು ಹೊರಗೆ ಬಂದು ಸಾಲುಕುರ್ಚಿಯಲ್ಲಿ ಕೂತು ತನ್ನ ಚಪ್ಪಲಿ ನೋಡತೊಡಗಿದ. ನಾನು ಬಾಜು ಕುರ್ಚಿಗೆ ಸರಿದೆ. ಏನು ಹೇಳಬೇಕೆಂದು ತಿಳಿಯದೆ, "ಅಂಜಬ್ಯಾಡ. ನಾ ಅದೀನಿ," ಎಂದೆ.

ಅವನಿಗೆ ಆಪರೇಶನ್ ಬದಲು ಕಿರಣದ ಚಿಕಿತ್ಸೆ ಕೊಟ್ಟರು. ದಿನಾ ಹೋಗಿ ಬರಬೇಕು. ಆಗುವಷ್ಟು ದಿನ ನಾನೂ ಹೋಗುತ್ತಿದ್ದೆ. ಅವನು ಯಮನೂರಿನಿಂದ, ನಾನು ಅಣ್ಣಿಗೇರಿಯಿಂದ ಬಂದು ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಕೂಡುತ್ತಿದ್ದೆವು. ಸಣ್ಣವರಿದ್ದಾಗ ಒಟ್ಟಿಗೆ ಹಳ್ಳಕ್ಕೆ ಈಜಲು ಹೋಗುತ್ತಿದ್ದವರು, ಆಮೇಲೆ ಇಷ್ಟು ದಿನ ಒಬ್ಬರ ಜೊತೆ ಒಬ್ಬರು ಕೂತದ್ದೇ ಇಲ್ಲ. ಚಿಕಿತ್ಸೆ ಮುಗಿಸಿ ಗಿರಮಿಟ್ಟು ತಿಂದು, ಚಹಾ ಕುಡಿದು ಅವರವರ ಬಸ್ಸು ಹತ್ತುತ್ತಿದ್ದೆವು.

ಕೊನೆಯ ದಿನ ನಾನು ಅವನ ಜೊತೆ ಯಮನೂರಿನ ಬಸ್ಸನ್ನೇ ಹತ್ತಿದೆ. ಮಧ್ಯಾಹ್ನದ ಬಸ್ಸು, ಹೆಚ್ಚು ಮಂದಿ ಇರಲಿಲ್ಲ. ಎರಡೂ ಕಡೆ ಎರೆಹೊಲ, ಕಡಲೆ ಹೂವಾಗಿತ್ತು. ರಾಜಾ ಹೊರಗೆ ನೋಡುತ್ತಲೇ ಕೇಳಿದ.

"ಭಾಯಿ, ಅಬ್ಬಾಗ ಎಷ್ಟ ಬ್ಯಾನಿ ಆಗಿರಬೇಕು?"

ನಾನು ಅವನ ಕಡೆ ತಿರುಗಿದೆ.

"ನೀ ಇರಲಿಲ್ಲ. ನಾನ ನೋಡ್ಕೊಂಡವ. ಏನಂತ ಗೊತ್ತಿರಲಿಲ್ಲ ನೋಡು, ಇಟ್ಟಿಗಿ ಕಾಸಿ, ಅರಿವಿಯೊಳಗ ಸುತ್ತಿ ಸೊಂಟಕ್ಕ ಇಡ್ತಿದ್ದೆ. ದಿನಾ ಇಡ್ತಿದ್ದೆ. 'ಆರಾಮ ಆತಪಾ ರಾಜಾ' ಅಂತಿದ್ದ." ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಿದ್ದ. "ಎಲುಬಿನಾಗ ಕ್ಯಾನ್ಸರ್ ಇದ್ದಾವಗ ಇಟ್ಟಿಗಿಯಿಂದ ಆರಾಮ ಆಗತೈತೇನು? ನನಗ ಬ್ಯಾಸರ ಆಗಬಾರದು ಅಂತ ಹಂಗ ಅಂತಿದ್ದನೋ ಏನೋ."

"ಇಲ್ಲ. ಆಪರೇಶನ್ ಆದ ಮ್ಯಾಲೆ ನನಗ ನಡಾ ಹಿಡಕೊಂಡಿತ್ತು. ಹಸೀನಾ ಕಾವು ಕೊಡ್ತಿದ್ದಳು. ಆರಾಮ ಆಗತೈತಿ, ರಾಜಾ. ಬ್ಯಾನಿ ಹೋಗೂದಿಲ್ಲ, ಆದ್ರ ಬಿಸಿ ಇರೂತನಕ ಆರಾಮ ಅನಸತೈತಿ."

"ಖರೇನ?"

"ಖರೇನ."

ಅವನು ನನ್ನ ಕಿವಿ ಕೆಂಪಾಗಿದೆಯೇ ಎಂದು ನೋಡಿದನೋ, ನನಗೆ ಹಾಗನಿಸಿತೋ. ಆಮೇಲೆ ಕಂಬಿ ಬಿಟ್ಟು ಸೀಟಿಗೆ ಒರಗಿದ. ಚಿಕಿತ್ಸೆಯ ದಣಿವು, ಕಣ್ಣು ತಾವಾಗಿಯೇ ಮುಚ್ಚಿದವು, ತಲೆ ವಾಲಿ ನನ್ನ ಹೆಗಲ ಮೇಲೆ ಬಂತು. ಭಾರದ ತಲೆ. ಬಸ್ಸು ಕುಲುಕಿದಾಗ ಬೀಳದಂತೆ ಕೈ ಆನಿಸಿ ಹಿಡಿದು ಕೂತೆ. ಯಮನೂರು ಬಂತು ಎಂದು ಕಂಡಕ್ಟರ್ ಕೂಗಿದಾಗಲೂ ಎಬ್ಬಿಸಲು ಮನಸ್ಸಾಗಲಿಲ್ಲ.